ಮಿಷನ್‌ಗೊಂದು ಅಂಗಿ

ಮನೆಯೊಳಗೆ ಇರುವಷ್ಟು ಹೊತ್ತು ನನ್ನ ಹೊಲಿಗೆ ಮಿಷನ್‌ನಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಹೊಸ್ತಿಲು ದಾಟಿತೋ, ಏನಾದರೊಂದು ಆಗಿಯೇ ಆಗುತ್ತದೆ. ನಾನು ಬೇಕೆಂದು ಮಾಡುವುದಲ್ಲ, ಮಿಷನ್ ಕೂಡ ಬೇಕೆಂದು ಮಾಡುವುದಿಲ್ಲ ಅಂತ ಕಾಣುತ್ತದೆ. ಆದರೆ ಪ್ರತಿಸಲವೂ ಯಾರೋ ಒಬ್ಬರು ಎಲ್ಲಿಂದಲೋ ಬಂದು ನಮ್ಮಿಬ್ಬರನ್ನೂ ಕಾಪಾಡಿದ್ದಾರೆ. ಅವರ ಉಪಕಾರ ಮರೆಯಬಾರದು ಅಂತಲೇ ಇದನ್ನೆಲ್ಲ ಹೇಳುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ. ಅವರೂ ನಕ್ಕಿದ್ದಾರೆ.

ನಮ್ಮ ಮನೆ ಮಣ್ಣಗುಡ್ಡದಲ್ಲಿ. ಇರುವುದು ಅತ್ತೆ, ನಮ್ಮವರು, ನಾನು. ಅತ್ತೆ ಮೊದಲು ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದವರು. ಈಗ ಬುಟ್ಟಿ ಇಳಿಸಿದ್ದಾರೆ, ಸ್ವರ ಇಳಿಸಿಲ್ಲ. ನಮ್ಮವರು ಬೋಟಿನಲ್ಲಿ ದುಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಬೋಟು ನಿಲ್ಲುವ ದಕ್ಕೆಯಲ್ಲಿ ಕುಳಿತು ಬಲೆ ರಿಪೇರಿ ಮಾಡುತ್ತಾರೆ. ನಾನು ತೊಕ್ಕೊಟ್ಟಿನಲ್ಲಿ ಒಂದು ದಿನಸಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹೆಂಗಸರಿಗೆ ಹೊಲಿಗೆ, ಕಸೂತಿ ಕಲಿಸುತ್ತೇನೆ. ಅಲ್ಲಿರುವುದೆಲ್ಲ ಕಾಲಲ್ಲಿ ತುಳಿಯುವ ಹಳೇ ಮಿಷನ್‌ಗಳು. ಕಸೂತಿಗೆ ಬೇಕಾದ ಸಣ್ಣ ಕರೆಂಟಿನ ಮಿಷನ್ ನನ್ನದು, ದುಬೈಯಲ್ಲಿರುವ ತಮ್ಮ ತಂದುಕೊಟ್ಟದ್ದು. ಕ್ಲಾಸಿನ ದಿನ ಅದನ್ನು ಬೆಳಿಗ್ಗೆ ಬಸ್ಸಿನಲ್ಲಿ ಒಯ್ಯಬೇಕು, ಸಂಜೆ ವಾಪಸು ತರಬೇಕು. ಅಲ್ಲಿಯೇ ಬಿಟ್ಟು ಬಂದರೆ ಮನೆಯಲ್ಲಿ ಒಪ್ಪಿಕೊಂಡ ಬ್ಲೌಸುಗಳನ್ನು ಯಾರು ಹೊಲಿಯುವುದು? ಅದು ಹಾಳಾದರೆ ನನಗೆ ಕ್ಲಾಸೂ ಇಲ್ಲ, ಬ್ಲೌಸೂ ಇಲ್ಲ.

೧. ತೆಂಗಿನಕಾಯಿ

ಮಿಷನ್ ಬಂದಾಗ ಅದರ ಜೊತೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು. ಬಸ್ಸು ಹೊಂಡಕ್ಕೆ ಇಳಿದು ಒಮ್ಮೆ ಹಾರಿದಾಗ ಅದರ ಹಿಡಿಕೆ ಹೋಯಿತು, ಇನ್ನೊಮ್ಮೆ ಹಾರಿದಾಗ ಮುಚ್ಚಳ ಹೋಯಿತು. ಆಮೇಲೆ ನಾನು ಮಿಷನನ್ನು ಹಳೇ ಟವೆಲಿನಲ್ಲಿ ಸುತ್ತಿ, ಕುಚ್ಚಲಕ್ಕಿಯ ಚೀಲದೊಳಗೆ ಇಳಿಸಿ, ಬಾಯಿಗೆ ಹಗ್ಗ ಕಟ್ಟಿ ಒಯ್ಯತೊಡಗಿದೆ.

ಒಂದು ದಿನ ಬಸ್ಸು ಕಾಲಿಡಲು ಜಾಗ ಇಲ್ಲದಷ್ಟು ತುಂಬಿತ್ತು. ಕಂಡಕ್ಟರು ನನ್ನ ಚೀಲವನ್ನು ಡ್ರೈವರನ ಹಿಂದೆ, ಬೇರೆ ಚೀಲಗಳ ಪಕ್ಕ ಇಟ್ಟ. "ಮೆಲ್ಲ ಇಡಿ ಮಾರಾಯ್ರೆ, ಒಡೆಯುವ ಸಾಮಾನು" ಅಂದೆ. "ಇಲ್ಲಿ ಎಲ್ಲ ಒಡೆಯುವ ಸಾಮಾನೇ ಅಕ್ಕ" ಅಂದ. ಅವನು ಹೇಳಿದ್ದರ ಅರ್ಥ ನನಗೆ ತೊಕ್ಕೊಟ್ಟಿನಲ್ಲಿ ತಿಳಿಯಿತು. ಇಳಿಯುವ ಗಡಿಬಿಡಿಯಲ್ಲಿ ಚೀಲ ಎತ್ತಿಕೊಂಡೆ. ಬಣ್ಣ ಅದೇ, ಹಗ್ಗ ಅದೇ, ಭಾರವೂ ಹೆಚ್ಚುಕಡಿಮೆ ಅಷ್ಟೇ. ಮೆಟ್ಟಲು ಹತ್ತಿ, ಉಸಿರು ಬಿಟ್ಟು, ಹುಡುಗಿಯರೆಲ್ಲ ಸುತ್ತ ನಿಂತಿರುವಾಗ ಗಂಟು ಬಿಚ್ಚಿದರೆ ಒಳಗೆ ತೆಂಗಿನಕಾಯಿ.

ಒಬ್ಬಳು ಇಣುಕಿ ನೋಡಿ ಕೇಳಿದಳು: "ಟೀಚರ್, ಇವತ್ತು ಕಸೂತಿಯಾ, ಕಾಯಿ ಅರೆದು ಕೋಳಿ ಗಸಿಯಾ?"

ಎಲ್ಲರೂ ನಕ್ಕರು. ನಾನು ಮಾತ್ರ ಚೀಲದ ತಳದವರೆಗೆ ಕೈ ಹಾಕಿ ತಡಕಿದೆ. ತಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ವಿಮಾನದಲ್ಲಿ ತಂದವನು. ಅವನಿಗೆ ಎಂತ ಹೇಳಲಿ? ಕೆಳಗೆ ಹೋಗಿ ದಿನಸಿ ಅಂಗಡಿಯವರ ಹತ್ತಿರ ಹೇಳಿದೆ. ಅವರು ಗಿರಾಕಿಗಳನ್ನು ಹಾಗೆಯೇ ಬಿಟ್ಟು, ಗೊತ್ತಿದ್ದ ಬಸ್ಸಿನವರಿಗೆಲ್ಲ ಫೋನು ಹಚ್ಚಿದರು. "ಒಂದು ಅಕ್ಕಿ ಚೀಲ ಕಾಣೆಯಾಗಿದೆ, ಒಳಗೆ ಅಕ್ಕಿ ಇಲ್ಲ" ಅಂತ ಅವರು ಹೇಳಿದ್ದೇ ಹೇಳಿದ್ದು. ಆ ಕಡೆಯವರಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು.

ಅಷ್ಟರಲ್ಲಿ ಮೆಟ್ಟಲಲ್ಲಿ ದಡದಡ ಸದ್ದು. ಒಬ್ಬ ಹೆಂಗಸು ನನ್ನ ಚೀಲವನ್ನು ತಲೆಯ ಮೇಲೆ ಹೊತ್ತು, ಬೆವರು ಸುರಿಸಿಕೊಂಡು ಬಂದರು. ಮುಂದಿನ ಸ್ಟಾಪಿನಲ್ಲಿ ಇಳಿದು ಮನೆಗೆ ಹೋಗಿ, ಕಾಯಿ ಒಡೆಯಲು ಕತ್ತಿ ಹಿಡಿದು ಚೀಲ ಬಿಚ್ಚಿದವರಂತೆ. ಕಂಡಕ್ಟರನನ್ನು ಹುಡುಕಿ ಕೇಳಿದಾಗ ಅವನು ಹೊಲಿಗೆ ಟೀಚರಿನ ವಿಳಾಸ ಹೇಳಿದ್ದಾನೆ. ನಾನು ಕೈ ಮುಗಿದೆ. ಕಣ್ಣಲ್ಲಿ ನೀರೇ ಬಂತು. ಅವರು ನನ್ನ ಚೀಲ ಇಳಿಸಿ, ತಮ್ಮದನ್ನು ಎತ್ತಿಕೊಂಡು, ಎರಡು ಕಾಯಿ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಹೆದರಿದ್ದೀರಿ, ಮನೆಯಲ್ಲಿ ಚಟ್ನಿ ಮಾಡಿ ತಿನ್ನಿ." ಆಮೇಲೆ ಬಾಗಿಲಲ್ಲಿ ನಿಂತು ಹುಡುಗಿಯರ ಎದುರೇ ನನಗೊಂದು ಬುದ್ಧಿ ಹೇಳಿದರು:

"ಊರಿಗೆಲ್ಲ ಬಟ್ಟೆ ಹೊಲಿದು ಕೊಡ್ತೀರಿ. ಪಾಪ, ಅದನ್ನು ಮಾತ್ರ ಬತ್ತಲೆ ತಿರುಗಿಸ್ತೀರಿ. ಅದಕ್ಕೂ ಒಂದು ಅಂಗಿ ಹೊಲಿಯಿರಿ ಮಾರಾಯ್ರೆ!"

೨. ಅಳತೆ

ಆ ಮಾತು ತಾಗಿತು. ಮಿಷನ್‌ಗೆ ಅಂಗಿ ಹೊಲಿಯಲು ಕುಳಿತೆ.

ಅಂಗಿ ಅಂದರೆ ಬರೀ ಚೀಲ ಅಲ್ಲ. ಮೇಲೆ ದಪ್ಪ ಬಟ್ಟೆ, ನಡುವೆ ಸ್ಪಂಜು, ಒಳಗೆ ಮೆತ್ತಗಿನ ಹತ್ತಿ ಬಟ್ಟೆ. ಮೂರನ್ನೂ ಸೇರಿಸಿ ಗೋಡಂಬಿ ಬರ್ಫಿ ಕತ್ತರಿಸಿದ ಹಾಗೆ ಓರೆ ಓರೆಯಾಗಿ ಹೊಲಿಗೆ ಹಾಕಬೇಕು. ಆಗ ಬಸ್ಸು ಎಷ್ಟು ಹಾರಿದರೂ ಒಳಗಿನ ಸಾಮಾನಿಗೆ ಪೆಟ್ಟಾಗುವುದಿಲ್ಲ. ಒಳಗಿನ ಪದರಕ್ಕೆ ಅತ್ತೆ ತಮ್ಮ ಹಳೇ ಸೀರೆ ತಂದುಕೊಟ್ಟರು. "ಮಾರ್ಕೆಟಿಗೆ ಉಟ್ಟುಕೊಂಡು ಹೋಗ್ತಿದ್ದ ಸೀರೆ ಇದು. ನನ್ನನ್ನೇ ತಡೆದುಕೊಂಡಿದೆ, ನಿನ್ನ ಮಿಷನ್ ಯಾವ ಲೆಕ್ಕ?" ಸೀರೆ ಕೈಯಲ್ಲಿ ಹಿಡಿದರೆ ಬೆಣ್ಣೆಯ ಹಾಗೆ ಇತ್ತು. ಕತ್ತರಿ ಹಾಕಲು ನನಗೆ ಮನಸ್ಸೇ ಬರಲಿಲ್ಲ. "ಹಾಕು ಹಾಕು, ಕಪಾಟಿನಲ್ಲಿ ಇದ್ದು ಅದಕ್ಕೂ ಬೇಜಾರು ಬಂದಿರಬಹುದು" ಅಂದರು.

ನಾನು ಟೇಪು ಹಿಡಿದು ಮಿಷನಿನ ಸುತ್ತ ಅಳತೆ ತೆಗೆಯುವಾಗ ಅತ್ತೆ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. "ಸೊಂಟ ತೆಗೆದೆಯಾ? ತೋಳು ಎಷ್ಟು?" ಅಂತ ಕೇಳುತ್ತಲೇ ಇದ್ದರು. ನಾನು ನಗುತ್ತಾ, ಅಳತೆಗೆ ಸರಿಯಾಗಿ ಬಟ್ಟೆ ಕತ್ತರಿಸಿದೆ. ಚಾಕ್‌ಪೀಸಿನಲ್ಲಿ ಗೆರೆ ಎಳೆದೆ, ಚೌಕಳಿ ಹೊಲಿದೆ, ಅಂಚಿಗೆ ಕೆಂಪು ಪೈಪಿಂಗ್ ಕೊಟ್ಟೆ, ಜಿಪ್ಪು ಕೂರಿಸಿದೆ. ನೋಡಲು ಎಷ್ಟು ಚೆಂದ ಇತ್ತೆಂದರೆ ನಮ್ಮವರು, "ಇದನ್ನು ಬಸ್ಸಿಗೆ ಒಯ್ಯಬೇಡ, ಶೋಕೇಸಿನಲ್ಲಿ ಇಡುವ" ಅಂದರು.

ಮಿಷನನ್ನು ಒಳಗೆ ಇಳಿಸಲು ಹೋದರೆ ಅರ್ಧಕ್ಕೆ ನಿಂತಿತು. ತಿರುಗಿಸಿ ಹಾಕಿದೆ. ಓರೆ ಮಾಡಿ ಹಾಕಿದೆ. ನಮ್ಮವರು ಕೆಳಗಿನಿಂದ ಎಳೆದರು, ನಾನು ಮೇಲಿನಿಂದ ಒತ್ತಿದೆ. ಊಹುಂ. ಚೌಕಳಿ ಹೊಲಿಗೆ ಹಾಕಿದಾಗ ಬಟ್ಟೆ ಮುದುಡಿ ಸಣ್ಣದಾಗುತ್ತದೆ, ಅಳತೆಗಿಂತ ದೊಡ್ಡದಾಗಿ ಕತ್ತರಿಸಿ, ಅಂತ ಕ್ಲಾಸಿನಲ್ಲಿ ಎಲ್ಲರಿಗೂ ಬೋರ್ಡಿನಲ್ಲಿ ಬರೆದು ಹೇಳಿಕೊಡುವವಳು ನಾನೇ!

ನನ್ನ ಮುಖ ನೋಡಿ ಅತ್ತೆಗೆ ಕನಿಕರ ಬಂತು. ಇಡೀ ಜೀವಮಾನ ಬೆಲೆ ಇಳಿಸಲು ಬಂದವರ ಹತ್ತಿರ ಸೋಲದ ಹೆಂಗಸು, ನನ್ನನ್ನು ಸೋಲಲು ಬಿಡುತ್ತಾರಾ?

"ನಿನ್ನ ಹೊಲಿಗೆ ಸರಿಯಾಗಿಯೇ ಉಂಟು" ಅಂದರು. "ಮಿಷನ್ ದಪ್ಪ ಆಗಿದೆ. ದಿನಾ ಎಣ್ಣೆ ಕುಡಿಸ್ತೀ ಅಲ್ವಾ, ಮತ್ತೆ ಎಂತ ಆಗ್ತದೆ?"

೩. ಬೆಕ್ಕುಗಳು

ಎರಡನೇ ಅಂಗಿಗೆ ನಮ್ಮವರೂ ಕೈ ಹಾಕಿದರು. "ಬೋಟಾಗಲಿ ಚೀಲವಾಗಲಿ, ಅಡಿ ಗಟ್ಟಿ ಇರಬೇಕು" ಅನ್ನುವುದು ಅವರ ವಾದ. ಮೊದಲು ಬಲೆಯ ಹಗ್ಗದಿಂದ ಎರಡು ಹಿಡಿಕೆ ಹೆಣೆದು, ಅಡಿಯಿಂದ ಸುತ್ತಿ ತಂದು, ಅವರದ್ದೇ ಒಂದು ಗಂಟು ಹಾಕಿದರು. "ಇದು ಕಿತ್ತುಬಂದರೆ ನನ್ನ ಹೆಸರು ಬದಲಿಸು" ಅಂದರು. ಇವತ್ತಿಗೂ ಹೆಸರು ಬದಲಿಸುವ ಪ್ರಸಂಗ ಬಂದಿಲ್ಲ. ಬಿಡುವಿಲ್ಲದ ದಿನಗಳಲ್ಲಿ ಮೊಣಕಾಲು ನೋವು ಇಟ್ಟುಕೊಂಡು ನೆಲದ ಮೇಲೆ ಕುಳಿತು ನನಗೋಸ್ಕರ ಅದನ್ನು ಮಾಡಿಕೊಟ್ಟರು. ಆ ಹಿಡಿಕೆ ಹಿಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಆಮೇಲೆ ತಳಕ್ಕೆ ಹಾಕಲು ಒಂದು ದಪ್ಪ ಥರ್ಮಕೋಲ್ ತುಂಡು ತಂದರು. ಮೂಗಿನ ಹತ್ತಿರ ಹಿಡಿದೆ.

"ಇದು ಮೀನಿನ ಬಾಕ್ಸಿನದ್ದಲ್ವಾ? ವಾಸನೆ ಬರ್ತದೆ."

ಅವರು ಮೂಸಿದರು. "ಎಂತ ವಾಸನೆ? ನನಗೆ ಎಂತದೂ ಬರ್ತಾ ಇಲ್ಲ."

ಅತ್ತೆಯೂ ಮೂಸಿದರು. "ಇಲ್ಲವೇ ಇಲ್ಲ" ಅಂದರು. ಒಬ್ಬರು ಸಮುದ್ರದಲ್ಲಿ, ಒಬ್ಬರು ಮಾರ್ಕೆಟಿನಲ್ಲಿ ಆಯುಷ್ಯ ಕಳೆದವರು. ಅವರಿಗೆ ಬಾರದ ವಾಸನೆಯನ್ನು ನಾನು ಹೇಗೆ ಸಾಬೀತು ಮಾಡುವುದು? ಸೋಪಿನಲ್ಲಿ ತೊಳೆದೆ, ಲಿಂಬೆ ತಿಕ್ಕಿದೆ, ಬಿಸಿಲಿಗೆ ಇಟ್ಟೆ. ಕೊನೆಗೆ ನನ್ನ ಮೂಗೂ ಒಪ್ಪಿತು. ಅಡಿಗೆ ಅದನ್ನು ಇಟ್ಟು ಹೊಲಿದೆ. ಈ ಸಲ ಬಟ್ಟೆಯನ್ನು ದೊಡ್ಡದಾಗಿಯೇ ಕತ್ತರಿಸಿದ್ದೆ. ಮಿಷನ್ ಹಾಸಿಗೆಯಲ್ಲಿ ಮಲಗಿದ ಹಾಗೆ ಒಳಗೆ ಕುಳಿತಿತು.

ಮೊದಲ ದಿನ ಬಸ್ ಸ್ಟಾಪಿಗೆ ನಡೆಯುವಾಗ ಹಿಂದೆ ಒಂದು ಬೆಕ್ಕು. ತಿರುವಿನಲ್ಲಿ ಇನ್ನೊಂದು. ಬಸ್ಸು ಬರುವಾಗ ನನ್ನ ಸುತ್ತ ಒಂದು ಸಭೆಯೇ ಸೇರಿತ್ತು. ಪಕ್ಕದಲ್ಲಿ ನಿಂತ ಹೆಂಗಸು ಮೆಲ್ಲಗೆ ಕೇಳಿದಳು, "ಬಂಗುಡೆಯಾ ಅಕ್ಕ? ಇವತ್ತು ರೇಟು ಹೇಗೆ?" ತೊಕ್ಕೊಟ್ಟಿನಲ್ಲಿ ಇಳಿದರೆ ಅಲ್ಲಿಯ ಬೆಕ್ಕುಗಳು ಬೇರೆ ಕಾದಿದ್ದವು. ಅವುಗಳಲ್ಲಿ ಬಿಳಿ ಬೆಕ್ಕೊಂದು ಮೆಟ್ಟಲು ಹತ್ತಿ, ನಾನು ಮಿಷನ್ ಹೊರಗೆ ತೆಗೆದು ಪಾಠ ಶುರುಮಾಡಿದ ಕೂಡಲೇ ಖಾಲಿ ಅಂಗಿಯೊಳಗೆ ಹೊಕ್ಕು ನಿದ್ರೆ ಮಾಡಿತು. ಓಡಿಸಿದರೆ ಮರುದಿನ ಮತ್ತೆ ಹಾಜರು. ಕೊನೆಗೆ ನಾನೂ ಬಿಟ್ಟುಬಿಟ್ಟೆ.

ಈಗ ಒಂದು ವಿಷಯ ಹೇಳಬೇಕು. ಆ ಕಟ್ಟಡದಲ್ಲಿ ಮೊದಲು ಇಲಿಯ ಕಾಟ ಹೇಳಿ ಪ್ರಯೋಜನವಿಲ್ಲ. ನನ್ನ ನೂಲು, ಹುಡುಗಿಯರ ಬಟ್ಟೆ, ಕೆಳಗಿನವರ ಅಕ್ಕಿ ಮೂಟೆ, ಯಾವುದನ್ನೂ ಬಿಟ್ಟಿರಲಿಲ್ಲ. ಬೆಕ್ಕು ಬಂದು ಒಂದು ತಿಂಗಳಾಗುವಾಗ ಒಂದು ಇಲಿಯೂ ಕಾಣಲಿಲ್ಲ. ದಿನಸಿ ಅಂಗಡಿಯವರು ಒಂದು ಪೊಟ್ಟಣ ಒಣದ್ರಾಕ್ಷಿ ಹಿಡಿದುಕೊಂಡು ಮೇಲೆ ಬಂದು ಉಪಕಾರ ಹೇಳಿದರು. ಅಂಗಿಯೊಳಗೆ ಸುರುಳಿ ಸುತ್ತಿ ಮಲಗಿದ ಬೆಕ್ಕನ್ನು ಪ್ರೀತಿಯಿಂದ ನೋಡಿದರು.

"ಟೀಚರ್, ನಿಮ್ಮ ಕ್ಲಾಸಿಗೆ ಬಂದವರಲ್ಲಿ ಮೊದಲು ಕೆಲಸ ಸಿಕ್ಕಿದ್ದು ಇದಕ್ಕೇ!"

೪. ಹಲ್ಲು

ಅಂಗಿಯ ಹೊರಗೆ ನಾನು ಸಣ್ಣ ಸಣ್ಣ ಕಿಸೆಗಳನ್ನು ಹೊಲಿದಿದ್ದೆ. ಒಂದರಲ್ಲಿ ಕತ್ತರಿ, ಒಂದರಲ್ಲಿ ನೂಲು ಸುತ್ತುವ ಬಾಬಿನ್, ಇನ್ನೊಂದರಲ್ಲಿ ಮಿಷನ್ ಗುಡಿಸುವ ಬ್ರಶ್ಶು. ಬ್ರಶ್ಶಿನ ಕಿಸೆಗೆ ಅತ್ತೆಯ ಸೀರೆಯಲ್ಲಿ ಉಳಿದ ಸೆರಗಿನ ತುಂಡು ಹಾಕಿದ್ದೆ.

ಆ ದಿನ ಕ್ಲಾಸಿನಲ್ಲಿ ಮಿಷನನ್ನು ಚೊಕ್ಕ ಮಾಡುವ ಪಾಠ. ಸೂಜಿಯ ಕೆಳಗೆ ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಒಂದು ಗರಗಸದಂಥ ಭಾಗ ಇರುತ್ತದೆ. ನಾವು ಅದನ್ನು ಹಲ್ಲು ಅನ್ನುತ್ತೇವೆ. ಅದರ ಎಡೆಯಲ್ಲಿ ಧೂಳು, ನೂಲು ಸಿಕ್ಕಿಕೊಂಡರೆ ಹೊಲಿಗೆ ನಿಲ್ಲುತ್ತದೆ. ಎಲ್ಲರನ್ನೂ ಹತ್ತಿರ ಕರೆದು, "ನೋಡಿ, ನಮ್ಮ ಹಲ್ಲು ತಿಕ್ಕುವ ಹಾಗೆ ವಾರಕ್ಕೊಮ್ಮೆ ಇದರ ಹಲ್ಲನ್ನೂ ತಿಕ್ಕಬೇಕು" ಅನ್ನುತ್ತಾ ಬ್ರಶ್ಶಿಗಾಗಿ ಕಿಸೆಗೆ ಕೈ ಹಾಕಿದೆ. ಒಂದು ಕರವಸ್ತ್ರದ ಗಂಟು ಸಿಕ್ಕಿತು. ಇದೆಂತದು ಅಂತ ಬಿಡಿಸಿದೆ. ಅಂಗೈಯಲ್ಲಿ ಅತ್ತೆಯ ಹಲ್ಲಿನ ಸೆಟ್ಟು!

ಹೊಸದಾಗಿ ಸೇರಿದ ಒಬ್ಬಳು, ಪಾಪ, ತುಂಬ ಶ್ರದ್ಧೆಯ ಹುಡುಗಿ, ಮುಂದೆ ಬಗ್ಗಿ ಕೇಳಿದಳು: "ಟೀಚರ್, ಇದು ಸ್ಪೇರಾ?"

ಅಷ್ಟರಲ್ಲಿ ನಮ್ಮವರ ಫೋನು. "ಅಮ್ಮ ಎಂತದೋ ಹೇಳ್ತಿದ್ದಾರೆ. ಹಲ್ಲಿಲ್ಲದೆ ಒಂದೂ ಅರ್ಥ ಆಗ್ತಿಲ್ಲ. ನಿನಗೆ ಬೈತಿದ್ದಾರೆ ಅಂತ ಮಾತ್ರ ಗೊತ್ತಾಗ್ತದೆ." ಮಧ್ಯಾಹ್ನಕ್ಕೆ ಅಂಜಲ್ ಫ್ರೈ ಮಾಡಿಟ್ಟು ಬಂದಿದ್ದೆ. ಅತ್ತೆ ತಟ್ಟೆಯ ಎದುರು ಕುಳಿತಿದ್ದಾರೆ, ಜಗಿಯುವ ಉಪಾಯ ನನ್ನ ಅಂಗೈಯಲ್ಲಿ ಉಂಟು. ನಮ್ಮವರು ಸ್ಕೂಟರಿನಲ್ಲಿ ಬಂದು ಒಯ್ದರು. ಅಷ್ಟು ಹೊತ್ತು ಅತ್ತೆ ಮೀನನ್ನು ಮುಟ್ಟದೆ, ಯಾರಿಗೂ ಮುಟ್ಟಲು ಬಿಡದೆ ಕಾದಿದ್ದರಂತೆ.

ಸಂಜೆ ಬಂದು ಕೇಳಿದೆ, "ಅಷ್ಟು ಡಬ್ಬಿ ಇರುವಾಗ ಅದರಲ್ಲಿ ಯಾಕೆ ಇಟ್ಟಿರಿ ಅತ್ತೆ?"

"ಸೆರಗಿನಲ್ಲಿ ಗಂಟು ಕಟ್ಟಿ ಇಡುವ ಅಭ್ಯಾಸ ನನಗೆ" ಅಂದರು. "ಸೆರಗು ಅಲ್ಲಿ ಕಂಡಿತು, ಇಟ್ಟೆ. ಸೆರಗು ಬಸ್ಸು ಹತ್ತಿ ತೊಕ್ಕೊಟ್ಟಿಗೆ ಹೋಗ್ತದೆ ಅಂತ ನನಗೆ ಕನಸು ಬೀಳ್ತದಾ?"

೫. ಪಡೀಲಿನ ಮದುವೆ

ನನ್ನ ಹತ್ತಿರ ಕಸೂತಿ ಕಲಿತ ಒಬ್ಬ ಹುಡುಗಿಯ ಮದುವೆ ಪಡೀಲಿನ ಒಂದು ಹಾಲಿನಲ್ಲಿ. ಧಾರೆಯ ಬ್ಲೌಸನ್ನು ಅವಳೇ ಹೊಲಿದು, ಅವಳೇ ಮುತ್ತು ಜೋಡಿಸಿ ಕಸೂತಿ ಹಾಕಿದ್ದಳು. ಕ್ಲಾಸಿಗೆ ಸೇರುವಾಗ ಸೂಜಿಗೆ ನೂಲು ಪೋಣಿಸಲು ಬಾರದಿದ್ದವಳು. ಆ ಬ್ಲೌಸು ನೋಡಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮದುವೆಯ ಬೆಳಿಗ್ಗೆ ನಾನು ಸೀರೆ ಉಡುತ್ತಿರುವಾಗ ಅವಳ ಫೋನು. ಅಳುತ್ತಿದ್ದಳು. "ಟೀಚರ್, ಹಾಕಿಕೊಳ್ಳುವಾಗ ತೋಳು ಬಿಟ್ಟುಹೋಯ್ತು. ಬೇರೆ ಬ್ಲೌಸು ಹಾಕು ಅಂತಾರೆ. ನನಗೆ ಇದೇ ಬೇಕು." ಕೈಯಲ್ಲಿ ನಾಲ್ಕು ಹೊಲಿಗೆ ಹಾಕಬಹುದು, ಆದರೆ ಧಾರೆಗೆ ಕೈ ಮುಂದೆ ಮಾಡುವಾಗ ಮತ್ತೆ ಬಿಟ್ಟುಹೋದರೆ? "ಅಳಬೇಡ, ಮುಖದ ಬಣ್ಣ ಹೋಗ್ತದೆ. ಮಿಷನ್ ತರ್ತೇನೆ" ಅಂದೆ. ಮಿಷನಿಗೆ ಅಂಗಿ ಹಾಕಿ, ರಿಕ್ಷಾ ಹಿಡಿದು ಹೊರಟೆ.

ಹಾಲಿನ ಬಾಗಿಲಲ್ಲಿ ಮದುಮಗಳ ಚಿಕ್ಕಮ್ಮ ನಿಂತಿದ್ದರು. ನನ್ನನ್ನು ಕಂಡದ್ದೇ ಓಡಿ ಬಂದು ಕೈಯಿಂದ ಚೀಲ ತೆಗೆದುಕೊಂಡರು. "ಅಯ್ಯೋ, ನೀವು ಹೊತ್ತುಕೊಂಡು ಬಂದದ್ದಾ! ಬಿಸಿ ಉಂಟಲ್ವಾ?"

ಅವರು ಸೆಕೆಯ ವಿಷಯ ಕೇಳಿದ್ದು ಅಂದುಕೊಂಡೆ. "ತುಂಬಾ ಉಂಟು ಮಾರಾಯ್ರೆ" ಅಂದೆ.

"ನೀವು ಒಳಗೆ ಹೋಗಿ, ಇದನ್ನು ನಾನು ಇಡಬೇಕಾದಲ್ಲಿ ಇಡ್ತೇನೆ" ಅಂದರು.

ಮದುಮಗಳ ಕೋಣೆಗೆ ಹೋಗಿ, ಹರಿದ ಕಡೆ ಪಿನ್ನು ಚುಚ್ಚಿ, ಬ್ಲೌಸು ಬಿಚ್ಚಿಸಿ ಸಿದ್ಧಳಾಗಿ ಕುಳಿತೆ. ಮಿಷನ್ ಬರಲಿಲ್ಲ. ಆಚೆ ಕೇಳಿದೆ, ಈಚೆ ಕೇಳಿದೆ. ಗಿಫ್ಟು ಇಡುವ ಮೇಜಿನಲ್ಲಿ ಇಲ್ಲ, ಸಾಮಾನಿನ ಕೋಣೆಯಲ್ಲಿ ಇಲ್ಲ. ಹೊರಗೆ ವಾದ್ಯ ಶುರುವಾಯಿತು. ಹುಡುಗಿ ಶಾಲು ಹೊದ್ದು ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಕೊನೆಗೆ ಚಿಕ್ಕಮ್ಮನೇ ಸಿಕ್ಕಿದರು. "ನೀವು ತಂದ ತಿಂಡಿಯಾ? ಆಗಲೇ ಕೌಂಟರಿಗೆ ಕಳಿಸಿದೆ. ಅಷ್ಟು ದಪ್ಪ ಬಟ್ಟೆ ಸುತ್ತಿ ಬಿಸಿಬಿಸಿ ತಂದಿದ್ದೀರಿ, ತಣಿದರೆ ಎಂತ ಚೆಂದ?"

ನಾನು ಸೀರೆಯ ನೆರಿಗೆ ಎತ್ತಿಕೊಂಡು ಊಟದ ಹಾಲಿಗೆ ಓಡಿದೆ. ಉದ್ದಕ್ಕೆ ತಿಂಡಿ ಇಟ್ಟಿದ್ದರು. ಇಡ್ಲಿ, ಸಾಂಬಾರು, ಗೋಳಿಬಜೆ, ಶೀರಾ. ಶೀರಾದ ಪಕ್ಕದಲ್ಲಿ, ಕೆಂಪು ಪೈಪಿಂಗ್ ಹಾಕಿಕೊಂಡು ನನ್ನ ಮಿಷನ್! ಅದರ ಎದುರು ಬಿಳಿ ಪಂಚೆಯ ಒಬ್ಬ ಅಜ್ಜ ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಅಜ್ಜನ ಹಿಂದೆ ಒಂದು ಸಾಲು. ಕ್ಯಾಟರಿಂಗಿನವನೊಬ್ಬ ಚೀಲದ ಒಂದು ಹಿಡಿಕೆ ಎಳೆಯುತ್ತಿದ್ದಾನೆ, ಅಜ್ಜ ಇನ್ನೊಂದು ಹಿಡಿಕೆ ಬಿಡುತ್ತಿಲ್ಲ.

"ಇದು ನಮ್ಮ ಹಾಟ್‌ಕೇಸ್ ಅಜ್ಜ, ಬೇರೆ ಹಾಲಿಗೆ ಹೋಗುವ ವ್ಯಾನಿಗೆ ಹಾಕ್ಬೇಕು" ಅನ್ನುತ್ತಾನೆ ಅವನು.

"ಹೋಗ್ಲಿ, ಆದರೆ ನಾನು ಹಾಕಿಕೊಂಡ ಮೇಲೆ ಹೋಗ್ಲಿ. ನಾನು ಮೊದಲು ಬಂದದ್ದು" ಅನ್ನುತ್ತಾರೆ ಅಜ್ಜ. "ಇಷ್ಟು ಜೋಪಾನವಾಗಿ ಇಟ್ಟಿದ್ದಾರೆ ಅಂದರೆ ಸ್ಪೆಷಲ್ಲೇ ಇರಬೇಕು."

ನನ್ನನ್ನು ಕಂಡು ಅಜ್ಜನಿಗೆ ಧೈರ್ಯ ಬಂತು. "ಇದು ನಿಮ್ಮದಾ? ಸಿಹಿಯಾ ಖಾರವಾ? ನನಗೆ ಶುಗರ್ ಉಂಟು."

ಜಿಪ್ಪು ಎಳೆದೆ. ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ಇಣುಕಿದರು. ಅಜ್ಜ ತಟ್ಟೆ ಮುಂದೆ ಹಿಡಿದವರು ಹಾಗೆಯೇ ನಿಂತು ಮಿಷನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ತಟ್ಟೆಯನ್ನು ಮೆಲ್ಲ ಹಿಂದಕ್ಕೆ ತೆಗೆದುಕೊಂಡರು. ಹಿಂದಿನಿಂದ ಯಾರೋ ಕೂಗಿದರು: "ಅಜ್ಜಾ, ಮುಂದೆ ಹೋಗಿ! ನಮಗೂ ಸ್ವಲ್ಪ ಇರಲಿ!"

ಮಿಷನ್ ಎತ್ತಿಕೊಂಡು ಓಡಿದೆ. ತೋಳಿಗೆ ಎರಡು ಸುತ್ತು ಹೊಲಿಗೆ ಹಾಕಿದೆ, ಮುತ್ತೊಂದು ಬೀಳದ ಹಾಗೆ. ಹುಡುಗಿ ಅದೇ ಬ್ಲೌಸು ತೊಟ್ಟು ಮಂಟಪಕ್ಕೆ ಬಂದಳು. ಧಾರೆಗೆ ಕೈ ಮುಂದೆ ಮಾಡುವಾಗ ನಾನು ದೂರದಿಂದ ಅವಳ ಕೈಯನ್ನು ನೋಡಲಿಲ್ಲ, ತೋಳನ್ನೇ ನೋಡುತ್ತಿದ್ದೆ. ಒಂದು ಎಳೆ ಅಲುಗಲಿಲ್ಲ. ಅವಳು ಜನರ ಮಧ್ಯೆ ನನ್ನನ್ನು ಹುಡುಕಿ, ಕಂಡು, ನಕ್ಕಳು. ಇಷ್ಟು ವರ್ಷ ಕಲಿಸಿದ್ದಕ್ಕೆ ನನಗೆ ಅಷ್ಟು ಸಾಕು.

ಆಮೇಲೆ ಅಜ್ಜನನ್ನು ಹುಡುಕಿಕೊಂಡು ಹೋದೆ. ಅವರು ಅಷ್ಟು ಹೊತ್ತು ಹಿಡಿಕೆ ಬಿಡದೆ ನಿಲ್ಲದಿದ್ದರೆ ನನ್ನ ಮಿಷನ್ ವ್ಯಾನು ಹತ್ತಿ, ಯಾವುದೋ ಮದುವೆಯ ಯಾವುದೋ ಕೌಂಟರಿನಲ್ಲಿ ಕುಳಿತಿರುತ್ತಿತ್ತು. ಅವರು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು. "ಅಜ್ಜ, ನಿಮ್ಮಿಂದಾಗಿ ಮದುಮಗಳ ಮಾನ ಉಳಿಯಿತು" ಅಂತ ಕಾಲು ಮುಟ್ಟಿದೆ.

"ಅದು ಒಳ್ಳೆದಾಯ್ತು ಮಗಾ" ಅಂದರು ಅಜ್ಜ. "ಆದರೆ ಅದನ್ನು ಕಾಯುವುದರಲ್ಲಿ ನನ್ನ ಗೋಳಿಬಜೆ ಖಾಲಿಯಾಯ್ತು."

ಅಡುಗೆಯವರ ಹತ್ತಿರ ಹೋಗಿ ಬೇಡಿಕೊಂಡೆ. ಅವರು ಎಣ್ಣೆ ಬಿಸಿ ಮಾಡಿ, ಒಂದು ತಟ್ಟೆ ಗೋಳಿಬಜೆ ಕರಿದುಕೊಟ್ಟರು. ಅದರ ಮೇಲೆ ಒಂದು ಬಾಳೆಲೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ತಂದು ಅಜ್ಜನ ಎದುರು ಇಟ್ಟೆ.

ಅಜ್ಜ ಎಲೆಯ ತುದಿಯನ್ನು ಒಂದು ಬೆರಳಿನಲ್ಲಿ ಸ್ವಲ್ಪವೇ ಎತ್ತಿ ಇಣುಕಿದರು. ಒಂದು ಗೋಳಿಬಜೆಯನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಆಚೆ ಈಚೆ ತಿರುಗಿಸಿ ನೋಡಿದರು. ಮತ್ತೆ ನನ್ನ ಮುಖ ನೋಡಿದರು.

"ಇದರೊಳಗೆ ನೂಲು ಎಂತದೂ ಇಲ್ಲ ಅಲ್ವಾ?"